ಫಾರ್ಮ್ಯಾಟ್ ಅಂದರೆ ಅಳಿಸುವುದಾ, ಗೆರೆ ಹಾಕುವುದಾ?

ಗೆಳೆಯರೇ, ಎರಡು ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಏನನ್ನಬಹುದು ಅಂತ ಕೇಳಬೇಕಿತ್ತು. ‘ಫಾರ್ಮ್ಯಾಟ್’ ಮತ್ತು ‘ಕಂಪ್ಯಾಟಿಬಲ್’.

ಉಡುಪಿಯಲ್ಲಿರುವ ನಮ್ಮ ದೊಡ್ಡಪ್ಪ ಮೊಬೈಲಿನ 64 ಜಿಬಿ ಕಾರ್ಡಿನಲ್ಲಿ ತಾಳಮದ್ದಲೆ ತುಂಬಿಸಿಟ್ಟಿದ್ದರು. ಎಲ್ಲ ಅವರೇ ರಾತ್ರಿ ಕೂತು ರೆಕಾರ್ಡ್ ಮಾಡಿದ್ದು. ಮೊಮ್ಮಗಳ ಹುಟ್ಟುಹಬ್ಬದ ದಿನ ಆ ಉಗುರಿನಷ್ಟು ಕಾರ್ಡನ್ನು ಅಡಾಪ್ಟರಿನಲ್ಲಿ ಕೂರಿಸಿ ಹಳೆ ಕ್ಯಾಮೆರಾಕ್ಕೆ ಹಾಕಿದರು. ಕಾರ್ಡ್ ಓದಲು ಆಗುತ್ತಿಲ್ಲ, ಫಾರ್ಮ್ಯಾಟ್ ಮಾಡಬೇಕಾ ಎಂದು ಕ್ಯಾಮೆರಾ ಕೇಳಿತು. ಹೌದು ಅಂತ ಒತ್ತಿಬಿಟ್ಟರು.

“ಸರಿ ಮಾಡ್ಲಾ ಅಂತ ಕೇಳಿದ್ದು ಅಂದ್ಕೊಂಡೆ ಮಗಾ” ಅಂದರು ಆಮೇಲೆ. ಆ ಮಾತು ಈಗಲೂ ಚುಚ್ಚುತ್ತದೆ. ‘ಎಲ್ಲ ಅಳಿಸಲಾ’ ಎಂದು ಕೇಳಿದ್ದರೆ ಅವರು ಖಂಡಿತ ಒತ್ತುತ್ತಿರಲಿಲ್ಲ.

ಹಾಗಾದರೆ ‘ಅಳಿಸು’ ಅಂದರೆ ಮುಗಿಯಿತಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಮಂಗಳೂರಿನ ಹಂಪನಕಟ್ಟೆಯ ಒಂದು ರಿಪೇರಿ ಅಂಗಡಿಗೆ ಕಾರ್ಡ್ ಒಯ್ದೆ. ಅಲ್ಲಿನ ಹುಡುಗ ಹೇಳಿದ, “ಹೆದರ್ಬೇಡಿ, ಒಳಗೆ ಉಂಟು. ಮೇಲಿಂದ ಏನೂ ಹಾಕ್ಬೇಡಿ.” ಕ್ಯಾಮೆರಾ ಮಾಡಿದ್ದು ಕ್ವಿಕ್ ಫಾರ್ಮ್ಯಾಟ್. ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯಷ್ಟೇ ಹೋಗಿತ್ತು. ಪುಸ್ತಕದ ಪರಿವಿಡಿ ಹರಿದ ಹಾಗೆ. ಅದರ ಮೇಲೆ ಹೊಸತು ಬರೆಯುವವರೆಗೆ ಹಳೆಯದು ಅಲ್ಲೇ ಇರುತ್ತದೆ. ಹೆಚ್ಚಿನವು ಸಿಕ್ಕಿದವು. ಹೆಸರು ಹೋಗಿ ಬರೀ ನಂಬರ್ ಉಳಿದಿತ್ತು. ದೊಡ್ಡಪ್ಪ ಒಂದೊಂದನ್ನೇ ಕೇಳಿ, ಭಾಗವತರ ದನಿಯಿಂದ ಗುರುತು ಹಿಡಿದು, ಪುಸ್ತಕದಲ್ಲಿ ಬರೆದುಕೊಂಡರು.

ಅದಕ್ಕೇ ನನಗೆ ‘ಗೆರೆ ಹಾಕು’ ಹತ್ತಿರ ಅನ್ನಿಸುತ್ತದೆ. ನಮ್ಮ ಕಡೆ ಗದ್ದೆಯ ಬದುವಿಗೆ ತುಳುವಿನಲ್ಲಿ ಪುಣಿ ಅನ್ನುತ್ತಾರೆ. ಪುಣಿ ಬದಲಾದರೂ ಮಣ್ಣು ಅದೇ. ವಿಂಡೋಸ್‌ನಲ್ಲಿ ‘ಕ್ವಿಕ್’ ಗುರುತು ತೆಗೆದು ಮಾಡಿದರೆ ಮಾತ್ರ ಬೇರೆ. ಆಗ ಇಡೀ ಕಾರ್ಡಿನ ಮೇಲೆ ಸೊನ್ನೆ ಬರೆಯುತ್ತದೆ. ಅದಕ್ಕೆ ‘ಅಳಿಸು’ ಸರಿ.

ಇನ್ನು ಕಂಪ್ಯಾಟಿಬಲ್. ‘ಹೊಂದಾಣಿಕೆ’ ಎಂದು ಎಲ್ಲ ಕಡೆ ಬರೆಯುತ್ತಾರೆ. ಆದರೆ ಕಾರ್ಡ್ ಆ ಕ್ಯಾಮೆರಾದ ಗೂಡಿಗೆ ಚೆನ್ನಾಗಿಯೇ ಹೊಂದಿತ್ತು! ಕಾರ್ಡಿನೊಳಗೆ ಫೈಲ್‌ಗಳನ್ನು ಜೋಡಿಸಿಡುವ ಕ್ರಮಗಳಿವೆ: 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಎಂಬ ಬಗೆಯ ಕಾರ್ಡಿಗೆ ಫ್ಯಾಟ್32, ಅದಕ್ಕಿಂತ ದೊಡ್ಡ ಎಸ್‌ಡಿಎಕ್ಸ್‌ಸಿ ಬಗೆಗೆ ಎಕ್ಸ್‌ಫ್ಯಾಟ್ ಎಂಬುದು ರೂಢಿ. ಎರಡೂ ಕಾರ್ಡಿನ ಆಕಾರ ಒಂದೇ. ಹಳೆ ಕ್ಯಾಮೆರಾಕ್ಕೆ ಎಕ್ಸ್‌ಫ್ಯಾಟ್ ಗೊತ್ತಿಲ್ಲ, ಅಷ್ಟೇ. ದೊಡ್ಡ ಕಾರ್ಡನ್ನು ಫ್ಯಾಟ್32 ಮಾಡಿಕೊಟ್ಟರೆ ಎಷ್ಟೋ ಹಳೆ ಪ್ಲೇಯರ್‌ಗಳು ಓದುತ್ತವೆ. ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಯುವುದಿಲ್ಲ. ರಾತ್ರಿಯಿಡೀ ಯಕ್ಷಗಾನದ ಆಟದ ವಿಡಿಯೊ ತೆಗೆಯುವವರಿಗೆ ಇದು ಗೊತ್ತಿರಬೇಕು.

ನಾವು ಊರು ಬಿಟ್ಟು ಹೋದರೆ ‘ಅಲ್ಲಿಯ ನೀರು ಒಗ್ಗಲಿಲ್ಲ’ ಅನ್ನುತ್ತೇವಲ್ಲ, ಇಲ್ಲಿ ಬೇಕಾದದ್ದು ಆ ‘ಒಗ್ಗು’. ಗೂಡಿಗೆ ಹೊಂದಿತು, ಕ್ಯಾಮೆರಾಕ್ಕೆ ಒಗ್ಗಲಿಲ್ಲ.

ಕ್ಯಾಮೆರಾ ಹೀಗೆ ಕೇಳಲಿ ಅಂತ ನನ್ನಾಸೆ: ‘ಈ ಕಾರ್ಡ್ ಇಲ್ಲಿಗೆ ಒಗ್ಗುತ್ತಿಲ್ಲ. ಹೊಸದಾಗಿ ಗೆರೆ ಹಾಕಲಾ? ಒಳಗಿರುವುದೆಲ್ಲ ಕೈತಪ್ಪುತ್ತದೆ.’

‘ಗೆರೆ ಹಾಕು’ ಅಂದರೆ ಓದುವವರಿಗೆ ‘ಅಡ್ಡಗೆರೆ ಎಳೆ’ ಎಂದು ಕೇಳಿಸೀತಾ? ಕುಂದಾಪುರ, ಬಂಟ್ವಾಳದ ಕಡೆ ಅಂಗಡಿಗಳಲ್ಲಿ ಬೇರೆ ಮಾತೇನಾದರೂ ಓಡುತ್ತಿದ್ದರೆ ದಯವಿಟ್ಟು ಬರೆಯಿರಿ.