ತುರ್ತು: 'ಲೇಬಲ್ ಸ್ವಿಚಿಂಗ್'ಗೆ ಕನ್ನಡದಲ್ಲಿ ಏನೆನ್ನೋಣ?

ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಪಾಲಿಟೆಕ್ನಿಕ್‌ನ ನೆಟ್‌ವರ್ಕ್ ಲ್ಯಾಬಿಗೆ ಕನ್ನಡದಲ್ಲಿ ಗೋಡೆ ಫಲಕ ಮಾಡಿಸುತ್ತಿದ್ದೇವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳೇ ಇಲ್ಲಿ ಜಾಸ್ತಿ. ದುರ್ಗಿಗುಡಿಯ ಫ್ಲೆಕ್ಸ್ ಅಂಗಡಿಯವರು ನಾಳೆ ಸಂಜೆಯೊಳಗೆ ಫೈಲ್ ಕೇಳಿದ್ದಾರೆ. ಉಳಿದ ಫಲಕಗಳು ಮುಗಿದಿವೆ. ಎಂಪಿಎಲ್‌ಎಸ್, ಅಂದರೆ 'ಮಲ್ಟಿಪ್ರೊಟೊಕಾಲ್ ಲೇಬಲ್ ಸ್ವಿಚಿಂಗ್', ಒಂದೇ ಬಾಕಿ. ಸದ್ಯದ ಕರಡು ಹೀಗಿದೆ:

"ಬಹುಶಿಷ್ಟಾಚಾರ ಹಣೆಪಟ್ಟಿ ಪರಿವರ್ತನೆ: ಇಂಟರ್ನೆಟ್ ಬೆನ್ನೆಲುಬಿನ ವೇಗವನ್ನೂ ಸೇವೆಯ ಗುಣಮಟ್ಟವನ್ನೂ ಹೆಚ್ಚಿಸುವ ತಂತ್ರ."

ಇದನ್ನು ಓದಿದ ಹುಡುಗನಿಗೆ ಏನೂ ತಿಳಿಯಲ್ಲ ಅನಿಸುತ್ತಿದೆ. ಕೆಳಗೆ, ಜಾಲದಲ್ಲಿ ಮಾಹಿತಿಗೆ ದಾರಿ ತೋರುವ ಎರಡು ರೂಟರ್‌ಗಳ ನಡುವೆ ಎರಡೂ ಕಡೆ ಬಾಣವಿರುವ ಗೆರೆಯ ಚಿತ್ರ ಬರುತ್ತದೆ. ದಯವಿಟ್ಟು ಇವತ್ತೇ ಹೇಳಿ.

ತೀರ್ಥಹಳ್ಳಿಯಿಂದ:

ಮೊದಲು 'ಬಹುಶಿಷ್ಟಾಚಾರ' ಕಿತ್ತುಹಾಕಿ. ಶಿಷ್ಟಾಚಾರ ಮಂತ್ರಿಗಳು ಊರಿಗೆ ಬಂದಾಗ ಅಧಿಕಾರಿಗಳು ಪಾಲಿಸುವಂಥದ್ದು. 'ಹಣೆಪಟ್ಟಿ ಪರಿವರ್ತನೆ' ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ತಪ್ಪು ಜೋಡಣೆ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಬಿರುದಾವಳಿಗಳಿಗೆ ವಿನಾಯಿತಿ ಕೊಟ್ಟ. ನಿಮ್ಮದು ಬಿರುದಲ್ಲ.

ಅಚ್ಚಗನ್ನಡದ ಪದ ಕೈಯಲ್ಲೇ ಇದೆ: ಕುರುಹು. ಹಳಗನ್ನಡದಲ್ಲಿ ಕುಱುಹು, ಶಕಟರೇಫದ್ದು, ಅಂದರೆ ಈಗ ಬಳಕೆಯಲ್ಲಿಲ್ಲದ ಱ ಅಕ್ಷರದ್ದು. ಕಿಟೆಲ್ ನಿಘಂಟಿನಲ್ಲಿ (1894) ನೋಡಿಕೊಳ್ಳಿ. ಗುರುತು, ಗುರಿ ಎರಡೂ ಇದೇ ಬೇರಿನವು. ತಮಿಳಿನ ಕುಱಿಯೂ ಅದೇ. ಅಂದರೆ ಒಂದೇ ಬೇರಿನೊಳಗೆ ಅಂಟಿಸುವ ಗುರುತೂ ಇದೆ, ಮುಟ್ಟಬೇಕಾದ ಗುರಿಯೂ ಇದೆ. ಎಲ್ಲಿಗೆ ಹೋಗಬೇಕೆಂದು ಪ್ಯಾಕೆಟ್ಟಿನ (ಜಾಲದಲ್ಲಿ ಸಾಗುವ ಮಾಹಿತಿಯ ತುಂಡಿನ) ಮೇಲೆ ಬರೆದು ಕಳಿಸುವ ತಂತ್ರಕ್ಕೆ ಇದಕ್ಕಿಂತ ಒಪ್ಪುವ ಪದ ಸಿಗುವುದಿಲ್ಲ. 'ಕುರುಹುಮಾರ್ಪು' ಎಂದು ಬರೆಯಿರಿ. ಹೆಚ್ಚು ಚರ್ಚೆ ಬೇಡ.

ಸಾಗರದಿಂದ:

ಮೇಷ್ಟ್ರೇ, ಕುರುಹು ಚೆಂದದ ಪದ. ಆದರೆ ನೀವು ಕೊಟ್ಟ ಕಾರಣಕ್ಕೇ ಅದು ಇಲ್ಲಿ ಕೂರುವುದಿಲ್ಲ. ನನ್ನ ಕೆಲಸವೇ ಈ ರೂಟರ್‌ಗಳ ಜೊತೆ. ಲೇಬಲ್ಲು ಗುರಿಯನ್ನು ಹೇಳುವುದೇ ಇಲ್ಲ. ಗುರಿ ಇರುವುದು ಒಳಗಿನ ಐಪಿ ವಿಳಾಸದಲ್ಲಿ.

ಲೇಬಲ್ಲೆಂದರೆ 32 ಬಿಟ್‌ನ ಒಂದು ತುಂಡು. ಪ್ಯಾಕೆಟ್ಟಿನ ಮುಂಭಾಗದ ಈಥರ್ನೆಟ್ ತಲೆಬರಹಕ್ಕೂ (ಹೆಡರ್) ಐಪಿ ತಲೆಬರಹಕ್ಕೂ ನಡುವೆ ಸೇರಿಕೊಳ್ಳುತ್ತದೆ. ಅದರಲ್ಲಿ 20 ಬಿಟ್ ಬರೀ ಒಂದು ಸಂಖ್ಯೆ. 3 ಬಿಟ್ ಪ್ಯಾಕೆಟ್ಟಿನ ದರ್ಜೆ ಹೇಳುತ್ತವೆ. 1 ಬಿಟ್ ಇದೇ ಕಟ್ಟಕಡೆಯ ಲೇಬಲ್ಲೋ, ಅಡಿಯಲ್ಲಿ ಇನ್ನೊಂದಿದೆಯೋ ತಿಳಿಸುತ್ತದೆ. ಉಳಿದ 8 ಬಿಟ್ ಪ್ಯಾಕೆಟ್ಟಿನ ಆಯಸ್ಸು, ಪ್ರತಿ ರೂಟರ್ ದಾಟಿದಾಗ ಒಂದೊಂದು ಕಮ್ಮಿಯಾಗುತ್ತದೆ. ಒಂದು ರೂಟರ್‌ಗೆ 1037 ಎಂದು ಬಂದ ಪ್ಯಾಕೆಟ್ ಅಲ್ಲಿಂದ 2210 ಎಂದು ಹೊರಡಬಹುದು. ಆ 1037ಕ್ಕೆ ಅರ್ಥವಿರುವುದು ಅಕ್ಕಪಕ್ಕದ ಎರಡು ರೂಟರ್‌ಗಳ ನಡುವೆ ಮಾತ್ರ. ಬೇರೆ ಕಡೆ ಅದೇ 1037 ಬೇರೇನೋ ಆಗಿರುತ್ತದೆ. ಹಾಗಾಗಿ 'ಹಣೆಪಟ್ಟಿ'ಯೂ ಬೇಡ. ಕನ್ನಡದಲ್ಲಿ ಹಣೆಪಟ್ಟಿ ಒಮ್ಮೆ ಕಟ್ಟಿದರೆ ಬಿಡುವಂಥದ್ದಲ್ಲ. ಇದು ಹೆಜ್ಜೆಹೆಜ್ಜೆಗೆ ಬದಲಾಗುತ್ತದೆ.

ನನ್ನ ಆಯ್ಕೆ 'ಚೀಟಿ'. ಶಿವಮೊಗ್ಗದ ಅಡಿಕೆ ಮಂಡಿ ನೆನೆಸಿಕೊಳ್ಳಿ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ವಿಂಗಡಿಸುವುದು ಒಂದೇ ಸಲ. ಆಮೇಲೆ ಸಾಗಿಸುವವರು ಪ್ರತಿ ಸಲ ಮೂಟೆ ಬಿಚ್ಚಿ ಅಡಿಕೆ ನೋಡುತ್ತಾ ನಿಲ್ಲುವುದಿಲ್ಲ, ಚೀಟಿ ನೋಡುತ್ತಾರೆ. ಇಲ್ಲೂ ಅಂಚಿನ ರೂಟರ್ ಒಂದೇ ಸಲ ಪ್ಯಾಕೆಟ್ಟನ್ನು ನೋಡಿ, ಯಾವ ಗುಂಪಿಗೆ ಸೇರಿದ್ದೆಂದು ತೀರ್ಮಾನಿಸಿ ಚೀಟಿ ಹಚ್ಚುತ್ತದೆ. ನಡುವಿನ ರೂಟರ್‌ಗಳು ಚೀಟಿಯನ್ನಷ್ಟೇ ಓದುತ್ತವೆ. ಸಾಮಾನ್ಯವಾಗಿ ಕೊನೆಯ ರೂಟರ್‌ಗಿಂತ ಒಂದು ಹೆಜ್ಜೆ ಮೊದಲೇ ಚೀಟಿ ಕಳಚಿಬಿಡುತ್ತಾರೆ.

ಪದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಕರಡಿನ 'ವೇಗ' ತೆಗೆಯಿರಿ. 1990ರ ದಶಕದ ನಡುವೆ ಆ ಆಸೆಯಿತ್ತು, ನಿಜ. ದೊಡ್ಡ ವಿಳಾಸಪಟ್ಟಿಯಲ್ಲಿ ಪ್ಯಾಕೆಟ್ಟಿನ ವಿಳಾಸಕ್ಕೆ ಮೊದಲಿನಿಂದ ಅತಿ ಉದ್ದಕ್ಕೆ ಹೊಂದುವ ಸಾಲು ಹುಡುಕುವುದು ಆಗಿನ ರೂಟರ್‌ಗಳಿಗೆ ಭಾರವಾಗುತ್ತಿತ್ತು. ಚಿಕ್ಕ ಸಂಖ್ಯೆ ನೋಡಿ ದಾಟಿಸುವುದು ಸುಲಭ. ಆಮೇಲೆ ಆ ಹುಡುಕಾಟಕ್ಕೇ ಚಿಪ್‌ಗಳು ಬಂದವು, ವ್ಯತ್ಯಾಸ ಹೆಚ್ಚುಕಮ್ಮಿ ಅಳಿಸಿಹೋಯಿತು. ಇವತ್ತು ಎಂಪಿಎಲ್‌ಎಸ್ ಉಳಿದಿರುವುದು ಬೇರೆ ಕೆಲಸಗಳಿಗೆ. ತುಂಬಿದ ದಾರಿ ಬಿಟ್ಟು ಖಾಲಿ ಇರುವ ಸುತ್ತುದಾರಿಯಲ್ಲಿ ಪ್ಯಾಕೆಟ್ ಕಳಿಸಬಹುದು. ಒಂದೇ ಜಾಲದಲ್ಲಿ ನಾಲ್ಕಾರು ಕಂಪನಿಗಳ ಖಾಸಗಿ ಜಾಲಗಳನ್ನು ಬೆರೆಯದಂತೆ ಓಡಿಸಬಹುದು. ಮಾತಿನ ಪ್ಯಾಕೆಟ್ಟನ್ನು ಫೈಲಿನ ಪ್ಯಾಕೆಟ್ಟಿಗಿಂತ ಮುಂದೆ ಬಿಡಬಹುದು. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದರೆ, ಬದಲಿ ದಾರಿಯನ್ನು ಮೊದಲೇ ಹಾಕಿಟ್ಟಿದ್ದರೆ, 50 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಅತ್ತ ತಿರುಗಿಸಬಹುದು. ಹೊಸನಗರದ ಒಳಗಿನ ಹಳ್ಳಿಗೆ ಹೋಗುವುದು ಒಂದೇ ಕೇಬಲ್ ಆದರೆ ಇದರಿಂದ ಪ್ರಯೋಜನವಿಲ್ಲ. ಅದನ್ನೂ ಮಕ್ಕಳಿಗೆ ಹೇಳಬೇಕು, ಅಲ್ವಾ?

ಬಾಣವನ್ನೂ ತಿದ್ದಿಸಿ. ಈ ದಾರಿ ಒಮ್ಮುಖ. ವಾಪಸ್ ಬರಲು ಬೇರೆ ದಾರಿ ಹಾಕಬೇಕು.

ಕೊಪ್ಪದಿಂದ:

ಇಷ್ಟೆಲ್ಲ ಯಾಕೆ ಮಾರಾಯ್ರೇ? 'ಲೇಬಲ್' ಅಂತಲೇ ಬರೆಯಿರಿ. ಉಪ್ಪಿನಕಾಯಿ ಬಾಟಲಿ ಮೇಲಿರುವುದು ಲೇಬಲ್ಲು ಅಂತ ನಮ್ಮ ಅಜ್ಜಿಗೂ ಗೊತ್ತಿತ್ತು. ಬಸ್ಸು, ರೈಲು, ಟಿಕೆಟ್ಟು ನಮ್ಮವಾದ ಹಾಗೆ ಇದೂ ಆಗಿದೆ. 'ಚೀಟಿ' ಅಂದರೆ ಹುಡುಗರಿಗೆ ಮೊದಲು ಹೊಳೆಯುವುದು ಪರೀಕ್ಷೆಯ ಕಾಪಿಚೀಟಿ, ದೊಡ್ಡವರಿಗೆ ಚೀಟಿ ವ್ಯವಹಾರ. ನಾಳೆ ಈ ಮಕ್ಕಳು ಕೆಲಸಕ್ಕೆ ಹೋದಾಗ ಪರದೆಯ ಮೇಲೆ ಕಾಣುವುದು ಲೇಬಲ್ಲೇ. ಎರಡೆರಡು ಸಲ ಕಲಿಸುವುದು ಯಾವ ನ್ಯಾಯ?

ತೀರ್ಥಹಳ್ಳಿಯಿಂದ:

ಗುರಿಯ ವಿಷಯ ಒಪ್ಪಿದೆ. ಬೇರು ಗುರಿಯದ್ದೇ ಆದರೂ ಕುರುಹಿಗೆ ಇವತ್ತು 'ಗುರುತು' ಎಂಬರ್ಥವೊಂದೇ ಉಳಿದಿದೆ. ಹಾಗಾಗಿ ಪದ ಬಿಡುವುದಿಲ್ಲ.

'ಚೀಟಿ' ಕನ್ನಡದ್ದಲ್ಲ. ಹಿಂದಿ, ಮರಾಠಿಯ 'ಚಿಟ್ಠಿ' ಕಡೆಯಿಂದ ಬಂದದ್ದು. ಎರವಲನ್ನು ಓಡಿಸಿ ಇನ್ನೊಂದು ಎರವಲು ತರುವುದಕ್ಕೆ ಇಷ್ಟು ಮಾತು ಬೇಕಿರಲಿಲ್ಲ. ಕೊಪ್ಪದವರದ್ದು ಸೋಮಾರಿ ವಾದ. ಎಲ್ಲರಿಗೂ ಗೊತ್ತಿರುವ ಇಂಗ್ಲಿಷ್ ಪದವೇ ಸಾಕು ಅನ್ನುವುದಾದರೆ ಫಲಕವನ್ನು ಕನ್ನಡದಲ್ಲಿ ಮಾಡಿಸುವುದೇ ಬೇಡ.

ಕೊಪ್ಪದಿಂದ:

ಸೋಮಾರಿತನವಲ್ಲ ಮೇಷ್ಟ್ರೇ. ಪದ ತಿಳಿಯದೆ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತ ಮಕ್ಕಳನ್ನು ನೋಡಿ ಹೇಳುತ್ತಿದ್ದೇನೆ. 'ಕುರುಹುಮಾರ್ಪು' ಅವರಿಗೆ ಇಂಗ್ಲಿಷಿನಷ್ಟೇ ದೂರ.

ಸಾಗರದಿಂದ:

ಚೀಟಿ ಎರವಲೇ, ಒಪ್ಪಿದೆ. ಇಂಗ್ಲಿಷಿನ 'ಚಿಟ್' ಕೂಡ ಅದೇ ಚಿಟ್ಠಿಯಿಂದ ಹೋದದ್ದು. ಅವರೇ ನಮ್ಮ ಕಡೆಯಿಂದ ಒಯ್ದ ಪದವನ್ನು ನಾವು ಬಳಸಲು ಹಿಂಜರಿಯುವುದೇಕೆ? ಇಂಗ್ಲಿಷಿನಲ್ಲೂ ಈ ಹೆಸರುಗಳು ಕಲ್ಲಿನಲ್ಲಿ ಕೆತ್ತಿದವಲ್ಲ. 1996ರಲ್ಲಿ ರೂಟರ್ ತಯಾರಿಸುವ ಸಿಸ್ಕೊ ಕಂಪನಿ ತನ್ನ ವಿಧಾನವನ್ನು 'ಟ್ಯಾಗ್ ಸ್ವಿಚಿಂಗ್' ಎಂದು ಕರೆದಿತ್ತು. ಮರುವರ್ಷ ಇಂಟರ್ನೆಟ್ಟಿನ ಮಾನದಂಡ ರೂಪಿಸುವ ಸಂಸ್ಥೆ ಐಇಟಿಎಫ್ ಇದಕ್ಕೊಂದು ಕೆಲಸದ ತಂಡ ಮಾಡಿತು. 2001ರ ಜನವರಿಯಲ್ಲಿ ಅದರ ಮಾನದಂಡ ಪತ್ರ ಆರ್‌ಎಫ್‌ಸಿ 3031 ಬರುವಾಗ 'ಲೇಬಲ್' ಗಟ್ಟಿಯಾಗಿತ್ತು. ದರ್ಜೆಯ ಆ 3 ಬಿಟ್‌ಗಳನ್ನು ಮೊದಲು 'ಪ್ರಾಯೋಗಿಕ' ಅನ್ನುತ್ತಿದ್ದರು. 2009ರಲ್ಲಿ 'ಟ್ರಾಫಿಕ್ ಕ್ಲಾಸ್' ಎಂದು ಬದಲಿಸಿದರು. ಹಳೆಯ ಹೆಸರು ಜನರನ್ನು ದಾರಿ ತಪ್ಪಿಸುತ್ತಿತ್ತು, ಅದಕ್ಕೆ.

ನಿಜವಾಗಿ ಕೈಕೊಡುವುದು 'ಸ್ವಿಚಿಂಗ್'. ಎಲ್ಲರೂ 'ಪರಿವರ್ತನೆ', 'ಮಾರ್ಪು' ಅಂತ ಬದಲಾವಣೆಯ ಕಡೆಗೇ ಹೋದಿರಿ. ಚೀಟಿ ಬದಲಿಸುವುದು ಅರ್ಧ ಕೆಲಸ ಅಷ್ಟೇ. ಬಂದ ಬಾಗಿಲಿನಿಂದ ಸರಿಯಾದ ಇನ್ನೊಂದು ಬಾಗಿಲಿಗೆ ದಾಟಿಸುವುದೇ ಸ್ವಿಚಿಂಗ್. ಹಳೇ ಟೆಲಿಫೋನ್ ಎಕ್ಸ್‌ಚೇಂಜಿನಲ್ಲೂ ಇದೇ ಅರ್ಥ. ನಾಮಪದ ಕಟ್ಟುವ ಹಟ ಬಿಟ್ಟರೆ ಕನ್ನಡದ ಕ್ರಿಯಾಪದಗಳೇ ಸಾಕು: ಹಚ್ಚು, ಬದಲಿಸು, ಕಳಚು, ದಾಟಿಸು. ಒಂದರ ಮೇಲೊಂದು ಇಟ್ಟ ಲೇಬಲ್ಲುಗಳಿಗೆ 'ಚೀಟಿಗಳ ಅಟ್ಟಿ' ಅನ್ನಬಹುದು.

ಶಿವಮೊಗ್ಗದಿಂದ:

ಎಲ್ಲರಿಗೂ ಧನ್ಯವಾದ. ಫೈಲ್ ಕಳಿಸಿದೆ. ತಲೆಬರಹ: "ಎಂಪಿಎಲ್‌ಎಸ್: ಚೀಟಿ ನೋಡಿ ಪ್ಯಾಕೆಟ್ ದಾಟಿಸುವ ವಿಧಾನ". ಅದರ ಕೆಳಗೆ:

"ಅಂಚಿನ ರೂಟರ್ ಪ್ಯಾಕೆಟ್ಟಿಗೆ ಲೇಬಲ್, ಅಂದರೆ ಒಂದು ಚೀಟಿ ಹಚ್ಚುತ್ತದೆ. ನಡುವಿನ ರೂಟರ್‌ಗಳು ಐಪಿ ವಿಳಾಸ ನೋಡದೆ ಚೀಟಿ ನೋಡಿ, ಬದಲಿಸಿ, ಮುಂದಕ್ಕೆ ದಾಟಿಸುತ್ತವೆ. ದಾರಿಯನ್ನು ಮೊದಲೇ ಗೊತ್ತುಮಾಡಲು, ಮುಖ್ಯವಾದ ಪ್ಯಾಕೆಟ್‌ಗಳನ್ನು ಮೊದಲು ಬಿಡಲು, ಕೇಬಲ್ ತುಂಡಾದಾಗ ಬದಲಿ ದಾರಿಗೆ ತಿರುಗಿಸಲು ಇದು ನೆರವಾಗುತ್ತದೆ."

'ಲೇಬಲ್' ಒಮ್ಮೆ ಇರಲಿ ಅಂತ ಇಟ್ಟೆ, ಕೊಪ್ಪದವರ ಮಾತಿನಲ್ಲಿ ಹುರುಳಿದೆ. 'ಮಲ್ಟಿಪ್ರೊಟೊಕಾಲ್' ಅನುವಾದಿಸಿಲ್ಲ, ತರಗತಿಯಲ್ಲಿ ಬಾಯಲ್ಲೇ ಹೇಳುತ್ತೇನೆ. 'ವೇಗ' ತೆಗೆದಿದ್ದೇನೆ. ಬಾಣ ಈಗ ಒಂದೇ ಕಡೆಗೆ.

ತೀರ್ಥಹಳ್ಳಿಯಿಂದ:

ವಾಕ್ಯಗಳು ಚೆನ್ನಾಗಿವೆ. ತಕರಾರಿಲ್ಲ. ಪದದ ವಿಷಯದಲ್ಲಿ ನನ್ನದು ಕುರುಹೇ. 'ಅಟ್ಟಿ' ಮಾತ್ರ ತುಂಬ ಹಿಡಿಸಿತು, ಅದನ್ನು ಎಲ್ಲಾದರೂ ಬಳಸಿ.