ಪದಚರ್ಚೆ: ಏವಿಯರಿಗೆ, ಮೃಗಾಲಯದಲ್ಲಿ ತೋರಿಸದ ಹಕ್ಕಿಗಳ ಜಾಗಕ್ಕೆ ಏನೆನ್ನೋಣ?

ಕುಂಬಳೆಯಿಂದ:
ಶಾಲಾ ಮಕ್ಕಳಿಗೆ ಹಂಚುವ ಮೃಗಾಲಯ ಕೈಪಿಡಿ ಕನ್ನಡಕ್ಕೆ ಆಗುತ್ತಿದೆ, ನಾಳೆ ಸಂಜೆ ಅಚ್ಚಿಗೆ. ಎರಡು ಪದ ಬೇಕು. ಬಲೆ ಹೊದಿಸಿದ, ಜನ ಒಳಗೆ ನಡೆದು ಹಕ್ಕಿ ನೋಡುವ ಏವಿಯರಿ ಒಂದು. ನೋಡುಗರಿಗೆ ತೋರಿಸದೆ ಹಕ್ಕಿಗಳನ್ನು ಇಡುವ ಹಿಂದಿನ ಭಾಗ ಇನ್ನೊಂದು. ಮಲಯಾಳ ಪ್ರತಿಯಲ್ಲಿ ಮೊದಲನೆಯದು 'ಪಕ್ಷಿಕ್ಕೂಡ್'. ನಮ್ಮ ಕರಡಿನಲ್ಲಿ ಯಾರೋ 'ಪಕ್ಷಿಧಾಮ' ಎಂದು ಹಾಕಿದ್ದಾರೆ.

ಮಂಜೇಶ್ವರದಿಂದ:
ಪಕ್ಷಿಧಾಮ ಬೇಡವೇ ಬೇಡ. ರಂಗನತಿಟ್ಟು ಪಕ್ಷಿಧಾಮ, ಗುಡವಿ ಪಕ್ಷಿಧಾಮ. ಅಲ್ಲಿ ಹಕ್ಕಿ ತಾನಾಗಿ ಬರುತ್ತದೆ, ಹೋಗುತ್ತದೆ. ಬಲೆ ಹೊದಿಸಿದ್ದು ಧಾಮ ಆಗುವುದಿಲ್ಲ. 'ಗೂಡು' ಮಲಯಾಳಕ್ಕೆ ಸರಿ. ಕನ್ನಡದಲ್ಲಿ 'ಗೂಡಿನೊಳಗೆ ಗೂಡುಪೆಟ್ಟಿಗೆ ಇದೆ' ಎಂದು ಬರೆಯುವ ಗತಿ ಬಂದೀತು. 'ಹಕ್ಕಿಮನೆ' ಸಾಕು.

ಹಕ್ಕಿಮನೆಗೆ ಒಳಹೋಗುವಲ್ಲಿ ಎರಡು ಬಾಗಿಲುಗಳ ನಡುವೆ ಇರುವ ಕಿರುಕೋಣೆಗೆ ಹೆಸರು ಇಲ್ಲದಿದ್ದರೂ ನಡೆದೀತು. ಆದರೆ 'ಹಿಂದಿನ ಬಾಗಿಲು ಮುಚ್ಚಿದ ಮೇಲೆಯೇ ಮುಂದಿನದನ್ನು ತೆರೆಯಿರಿ' ಎಂಬ ಸಾಲು ದಪ್ಪ ಅಕ್ಷರದಲ್ಲಿ ಇರಲಿ. ಮಕ್ಕಳು ಗುಂಪಾಗಿ ನುಗ್ಗಿ ಎರಡೂ ಒಟ್ಟಿಗೆ ತೆರೆದುಕೊಂಡರೆ ಸಣ್ಣ ಹಕ್ಕಿಗಳು ಹೊರಗೆ.

ಬದಿಯಡ್ಕದಿಂದ:
ಎರಡನೆಯದಕ್ಕೆ ಪದ ಹುಡುಕುವುದೇಕೆ, 'ಚೌಕಿ' ಇದೆಯಲ್ಲ! ಯಕ್ಷಗಾನದ ಆಟದಲ್ಲಿ ವೇಷಧಾರಿಗಳ ಕೋಣೆಯೇ ಚೌಕಿ, ಅಲ್ಲಿ ಬಣ್ಣ ಹಚ್ಚುವುದು, ಕಳಚುವುದು. ಇಲ್ಲಿ ಗರಿ ಉದುರಿ ಹೊಸತು ಬರುವುದು. ಕಾಸರಗೋಡಿನ ಮಕ್ಕಳಿಗೆ ವಿವರಿಸಬೇಕಾಗಿಯೇ ಇಲ್ಲ.

ಹೊಸೂರಿನಿಂದ:
ಇತ್ತ ಚೌಕಿ ಎಂದರೆ ಪೊಲೀಸರು. ಮೇಲಾಗಿ ಅದು 'ಚತುಷ್ಕ'ದಿಂದ ಬಂದದ್ದು, ಕನ್ನಡದ್ದಲ್ಲ. 'ಹಿಂಬದಿ ಹಕ್ಕಿಮನೆ' ಎನ್ನಿ. ಅಚ್ಚಗನ್ನಡ.

ಬದಿಯಡ್ಕದಿಂದ:
ಅಚ್ಚಗನ್ನಡವೇ? 'ಹಕ್ಕಿ' ಪಕ್ಷಿಯ ತದ್ಭವ ಸ್ವಾಮೀ. ಹಳಗನ್ನಡದಲ್ಲಿ ಪಕ್ಕಿ, ತುಳುವಿನಲ್ಲಿ ಇವತ್ತಿಗೂ ಪಕ್ಕಿ. ನಿಮ್ಮ ಜರಡಿ ಹಿಡಿದರೆ ಮನೆ ಉಳಿದೀತು, ಹಕ್ಕಿ ಹಾರಿಹೋದೀತು.

ಮಂಜೇಶ್ವರದಿಂದ:
ಹಿಂದಿನ ಭಾಗ ಒಂದೇ ಜಾಗ ಅಂದುಕೊಂಡದ್ದರಿಂದ ಈ ಜಗಳ. ಅಲ್ಲಿ ಏನು ನಡೆಯುತ್ತದೋ ಅದನ್ನೇ ಬರೆಯಿರಿ.

ಹೊಸತಾಗಿ ಬಂದ ಹಕ್ಕಿಯನ್ನು ಕನಿಷ್ಠ 30 ದಿನ ಬೇರೆ ಇಡುತ್ತಾರೆ. ಹಿಕ್ಕೆ ಪರೀಕ್ಷೆ ಆಗಬೇಕು. ಬಕೆಟ್, ಪೊರಕೆ, ನೀರಿನ ಬಟ್ಟಲು ಎಲ್ಲ ಪ್ರತ್ಯೇಕ. ನೋಡಿಕೊಳ್ಳಲು ಬೇರೆ ಆಳಿಲ್ಲದಿದ್ದರೆ ಉಳಿದ ಹಕ್ಕಿಗಳ ಕೆಲಸ ಮುಗಿಸಿ ಕೊನೆಗೆ ಇಲ್ಲಿಗೆ ಬರಬೇಕು, ಕಾಲು ಔಷಧಿ ನೀರಿನಲ್ಲಿ ಅದ್ದಿಯೇ ಒಳಗೆ. ಕ್ರಮ ತಿರುಗಾಮುರುಗಾ ಆದರೆ ರೋಗ ಚಪ್ಪಲಿಯಲ್ಲೇ ದಾಟುತ್ತದೆ. ಇದು 'ಕ್ವಾರಂಟೈನ್'. ಕೋವಿಡ್ ಕಾಲದಿಂದ ಮಕ್ಕಳಿಗೂ ಗೊತ್ತು, ಮುಟ್ಟಬೇಡಿ.

ಮರಿ ಮಾಡಿಸುವುದು ಇನ್ನೊಂದು ಕಡೆ. ಮಂಗಟ್ಟೆಯ (ಹಾರ್ನ್‌ಬಿಲ್) ಹೆಣ್ಣು ಪೊಟರೆಯೊಳಗೆ ಕೂತು, ಒಂದು ಸೀಳು ಮಾತ್ರ ಬಿಟ್ಟು ಪೊಟರೆಯ ಬಾಯಿಯನ್ನು ಮೆತ್ತಿಕೊಳ್ಳುತ್ತದೆ; ಗಂಡು ಆ ಸೀಳಿನಿಂದ ಹಣ್ಣು ಕೊಡಬೇಕು. ಜನರ ಗಲಾಟೆಗೆ ಬೆದರಿ ಗಂಡು ಹತ್ತಿರ ಬರದಿದ್ದರೆ ಒಳಗಿನದಕ್ಕೆ ಉಪವಾಸ. ಗೋಡೆ ಒಡೆದು ಹೊರಬಂದರೆ ಆ ವರ್ಷದ ಮರಿ ಇಲ್ಲ. ಅದಕ್ಕೇ ಮರೆ. ಇದಕ್ಕೆ 'ಮರಿಮನೆ'. ಮೂರನೆಯದು ಹಣ್ಣು ಹೆಚ್ಚುವ, ಕಾಳು ನೆನೆಹಾಕುವ ಅಡುಗೆಕೋಣೆ. ಅದಕ್ಕೆ ಹೊಸ ಪದ ಯಾರೂ ಕಟ್ಟಬೇಡಿ.

ಹೊಸೂರಿನಿಂದ:
ಕ್ವಾರಂಟೈನ್ ಉಳಿಸಿಕೊಳ್ಳುವವರು ಏವಿಯರಿಯನ್ನೂ ಉಳಿಸಿಕೊಳ್ಳಿ. ಕನ್ನಡ ಪುಸ್ತಕ ಯಾಕೆ? ಗಡಿಯಲ್ಲಿ ಇರುವವರಾದರೂ ಬಿಗಿಯಾಗಿರಬೇಡವೇ?

ಬದಿಯಡ್ಕದಿಂದ:
ಗಡಿಯಲ್ಲಿ ಇದ್ದದ್ದಕ್ಕೇ ನಾಲ್ಕು ಭಾಷೆ ಬಾಯಲ್ಲಿ. 'ಬಕೆಟ್' ಯಾವ ಶಾಸನದಲ್ಲಿದೆ ಹೇಳಿ. ಅಂದಹಾಗೆ ಕ್ವಾರಂಟೈನ್ ಇಟಲಿಯವರ 'ನಲವತ್ತು ದಿನ'. 30ಕ್ಕೆ ಅದು ಹೇಗೆ ಹೊಂದುತ್ತದೆ ಎಂದು ಇನ್ನು ಯಾರಾದರೂ ಕೇಳಿಯಾರು.

ಕುಂಬಳೆಯಿಂದ:
ಹಕ್ಕಿಮನೆ, ಕ್ವಾರಂಟೈನ್, ಮರಿಮನೆ, ಅಡುಗೆಕೋಣೆ ಹಾಕಿಯಾಯಿತು. ಚೌಕಿ ಬಿಟ್ಟೆ, ಬೇಸರಿಸಬೇಡಿ. ಇನ್ನೊಂದು ಉಳಿದಿದೆ: ಕೇರಳದ ರಾಜ್ಯಪಕ್ಷಿಯ ಚಿತ್ರದ ಕೆಳಗೆ 'ಮಂಗಟ್ಟೆ' ಒಂದೇ ಸಾಕೋ, ಪಕ್ಕದಲ್ಲಿ ಮಲಯಾಳದ 'ವೇಳಾಂಬಲ್' ಸಹ ಬೇಕೋ? ಬೆಳಗ್ಗೆ ಹತ್ತರೊಳಗೆ ತಿಳಿಸಿ.