ಸೈಕಲ್ಲಿನ ಹಿಂದಿನ ಚಕ್ರ ಮಾತ್ರ ಮತ್ತೆ ಮತ್ತೆ ಪಂಚರ್. ಸಂಡೂರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಯಾರಾದ್ರೂ ದಾರಿ ಹೇಳಿ

ಕೊಪ್ಪಳ ಪೆಡಲ್:
ತಲೆ ಕೆಟ್ಟುಹೋಗಿದೆ. ಕೊಪ್ಪಳದಿಂದ ಒಬ್ಬನೇ ಹೊರಟಿದ್ದೇನೆ. ಮುನಿರಾಬಾದ್, ಹೊಸಪೇಟೆ, ಸಂಡೂರು ಕಾಡು, ಕುಮಾರಸ್ವಾಮಿ ಗುಡಿ. ಅಲ್ಲಿಂದ ಕೂಡ್ಲಿಗಿ ಕಡೆ ಇಳಿದು ಹಗರಿಬೊಮ್ಮನಹಳ್ಳಿ, ಅಂಕಸಮುದ್ರ ಕೆರೆ, ಮರಿಯಮ್ಮನಹಳ್ಳಿ ಮೇಲೆ ವಾಪಸ್. ಇದು ಪ್ಲಾನು. ಆದರೆ ಸಂಡೂರು ದಾಟೋಕೇ ಆಗುತ್ತಿಲ್ಲ. ಪಂಚರ್ ಹಾಕುತ್ತೇನೆ, ಸ್ವಲ್ಪ ದೂರ ಹೋಗುತ್ತೇನೆ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಗಾಳಿ ಇಳಿದಿರುತ್ತದೆ. ಟೈರ್ ಹೊಸದು. ಟ್ಯೂಬ್ ಹೊಸದು. ಇನ್ನೇನು ಬದಲಾಯಿಸಲಿ, ನನ್ನನ್ನೇ?

ಸಿರುಗುಪ್ಪ ಸವಾರಿ:
ಬಳ್ಳಾರಿ ಜಾಲಿ. ಕೇಸ್ ಕ್ಲೋಸ್. ರಸ್ತೆ ಪಕ್ಕ ಕಡಿದು ಹಾಕಿರುತ್ತಾರೆ, ಒಣಗಿದ ಮುಳ್ಳು ಎಂಥ ಟೈರನ್ನೂ ಬಿಡಲ್ಲ. ಟ್ಯೂಬಿಗೆ ಸೀಲೆಂಟ್ (ತೂತು ತಾನೇ ಮುಚ್ಚೋ ದ್ರವ) ಹಾಕಿ, ಆರಾಮಾಗಿ ಹೋಗಿ.

ಸ್ಪೋಕ್ ಸೋದರಮಾವ:
ತಮ್ಮಾ, ಮೊದಲು ಇಷ್ಟು ಹೇಳು. ತೂತು ಟ್ಯೂಬಿನ ಯಾವ ಬದಿಗೆ ಆಗಿದೆ? ಹೊರಗೆ ಟೈರ್ ಕಡೆಗಾ, ಒಳಗೆ ರಿಮ್ ಕಡೆಗಾ? ಟೈರ್ ಸೈಜ್ ಎಷ್ಟು, ಗಾಳಿಯ ಒತ್ತಡ ಎಷ್ಟು ಪಿಎಸ್‌ಐ, ಹಿಂದೆ ಲಗೇಜ್ ಎಷ್ಟು? ಇದ್ಯಾವುದೂ ಹೇಳದೆ ಪಂಚರ್ ಅಂದರೆ ನಾವು ಏನಂತ ಹೇಳೋದು?

ಕೊಪ್ಪಳ ಪೆಡಲ್:
ಮಾಮೂಲಿ ಹೈಬ್ರಿಡ್ ಸೈಕಲ್ ಸರ್. ಗಾಳಿ ಫುಲ್ ಇದೆ, ಹೆಬ್ಬೆರಳಲ್ಲಿ ಒತ್ತಿ ನೋಡಿದ್ದೇನೆ. ಲಗೇಜ್ ಜಾಸ್ತಿ ಏನಿಲ್ಲ. ಟೆಂಟ್, ಸ್ಟವ್, ಎರಡು ಬ್ಯಾಗ್, ಕ್ಯಾಮೆರಾ, ನೀರು.

ಸಿರುಗುಪ್ಪ ಸವಾರಿ:
ಜಾಲಿ ಇಲ್ಲವಾದರೆ ನೆಗ್ಗಿಲು ಮುಳ್ಳು. ಹೊಲದ ಬದಿಗೆ ಗಾಡಿ ಇಳಿಸಿದರೆ ಮುಗೀತು. ಟೈರ್ ಒಳಗೆ ಬೆರಳು ಆಡಿಸಿ ನೋಡಿ, ಮುರಿದ ತುದಿ ಅಲ್ಲೇ ಇರುತ್ತೆ. ಅದನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಅದಕ್ಕೂ ಅದೇ ಗತಿ.

ಕೊಪ್ಪಳ ಪೆಡಲ್:
ಬೆರಳು ಅಲ್ಲ, ಬಟ್ಟೆನೇ ಒರೆಸಿ ನೋಡಿದೆ. ಎಲ್ಲೂ ಸಿಕ್ಕಿಹಾಕಿಕೊಳ್ಳಲಿಲ್ಲ. ಮುಳ್ಳಿಲ್ಲ ಅಣ್ಣ.

ಸಿರುಗುಪ್ಪ ಸವಾರಿ:
ಕಣ್ಣಿಗೆ ಕಾಣಲ್ಲ ಅಷ್ಟೇ. ನಾನು ಈ ಸೀಮೆಯಲ್ಲೇ ಹುಟ್ಟಿ ಬೆಳೆದವನು.

ತುಂಗಭದ್ರಾ ಟೂರರ್:
ನನಗೆ ವಾಲ್ವ್ ಮೇಲೆ ಅನುಮಾನ. ತೆಳ್ಳಗಿನ ಪ್ರೆಸ್ಟಾ ವಾಲ್ವಾ, ಬೈಕಿಗಿರೋ ಥರದ ದಪ್ಪ ಶ್ರೇಡರ್ ವಾಲ್ವಾ? ಶ್ರೇಡರ್‌ಗೆ ಅಂತ ಕೊರೆದ ದೊಡ್ಡ ತೂತಿಗೆ ಪ್ರೆಸ್ಟಾ ಟ್ಯೂಬ್ ಹಾಕಿದರೆ ಬುಡ ಅಲುಗಾಡಿ ಅಲ್ಲೇ ಹರಿಯುತ್ತೆ. ಟೂರಿಗೆ ಶ್ರೇಡರೇ ಸರಿ ಅನ್ನೋದು ನನ್ನ ವಾದ. ಪೆಟ್ರೋಲ್ ಬಂಕಲ್ಲಿ, ಬೈಕ್ ಪಂಚರ್ ಅಂಗಡಿಯಲ್ಲಿ, ಎಲ್ಲಿ ಬೇಕಾದರೂ ಗಾಳಿ ಹೊಡೆಸಬಹುದು.

ರಾಯಚೂರು ಬಿಸಿಲು:
ಒಂದು ಚಿಕ್ಕ ಅಡಾಪ್ಟರ್ ಜೇಬಲ್ಲಿದ್ದರೆ ಪ್ರೆಸ್ಟಾಗೂ ಬಂಕಲ್ಲಿ ಗಾಳಿ ಬರುತ್ತೆ. ಸುಮ್ನೆ ಹೆದರಿಸಬೇಡಿ.

ತುಂಗಭದ್ರಾ ಟೂರರ್:
ಅಡಾಪ್ಟರ್ ಕಳೆದುಹೋದರೆ?

ರಾಯಚೂರು ಬಿಸಿಲು:
ಕ್ಯಾಪ್ ಥರ ವಾಲ್ವಿಗೇ ತಿರುಗಿಸಿ ಇಡಿ, ಕಳೆಯಲ್ಲ. ಅಂದಹಾಗೆ ನಾನು ಈಗ ಟ್ಯೂಬ್‌ಲೆಸ್. ಮುಂದೆ ಚಕ್ರ ತಿರುಗಿದರೆ ಕರೆಂಟ್ ಕೊಡೋ ಡೈನಮೋ ಹಬ್, ರಾತ್ರಿ ಲೈಟು, ಹಗಲು ಮೊಬೈಲ್ ಚಾರ್ಜಿಂಗ್. ಯಾರ ಮುಂದೂ ಕೈಚಾಚಬೇಕಿಲ್ಲ.

ಸ್ಪೋಕ್ ಸೋದರಮಾವ:
ಬಿಸಿಲಪ್ಪಾ, ನಿನ್ನ ಡೈನಮೋ ಕಥೆ ಆಮೇಲೆ. ತಮ್ಮಾ, ನನ್ನ ಮೊದಲ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಟ್ಯೂಬ್ ಬಿಚ್ಚು. ಗಾಳಿ ತುಂಬಿಸಿ ನೀರಲ್ಲಿ ಅದ್ದು. ಗುಳ್ಳೆ ಯಾವ ಬದಿಗೆ ಬರುತ್ತೆ ನೋಡಿ ಹೇಳು.

ಕೊಪ್ಪಳ ಪೆಡಲ್:
ಒಳಬದಿಗೆ. ವಾಲ್ವಿಂದ ಒಂದು ಗೇಣು ದೂರ. ತೂತು ದುಂಡಗಿಲ್ಲ, ಸಣ್ಣ ಸೀಳು. ಆ ಬದಿಯಲ್ಲಿ ಉದ್ದಕ್ಕೂ ಸಾಲಾಗಿ ದುಂಡನೆ ಉಬ್ಬು ಗುರುತುಗಳಿವೆ, ಬಟ್ಟೆ ಗುಂಡಿ ಒತ್ತಿದ ಹಾಗೆ. ಸೀಳು ಅಂಥ ಒಂದು ಉಬ್ಬಿನ ಅಂಚಿಗೇ ಇದೆ. ಹಳೇ ಪ್ಯಾಚ್‌ಗಳೂ ಹೆಚ್ಚುಕಮ್ಮಿ ಇದೇ ಬದಿಗೆ ಇವೆ.

ಸಿರುಗುಪ್ಪ ಸವಾರಿ:
ಉದ್ದ ಮುಳ್ಳು ಈ ಕಡೆ ಹೊಕ್ಕು ಆ ಕಡೆ ಬಂದಿರುತ್ತೆ.

ಸ್ಪೋಕ್ ಸೋದರಮಾವ:
ಹಾಗಿದ್ದರೆ ಎರಡೂ ಬದಿಗೆ ತೂತು ಇರಬೇಕಲ್ವಾ ಸವಾರಿಯವರೇ? ಇದು ಮುಳ್ಳಲ್ಲ. ತಮ್ಮಾ, ಆ ಉಬ್ಬು ಗುರುತು ರಿಮ್‌ನಲ್ಲಿರುವ ಸ್ಪೋಕ್ ತೂತುಗಳದ್ದು. ಆ ತೂತುಗಳನ್ನು ಮುಚ್ಚೋ ಪಟ್ಟಿ, ಅಂದರೆ ರಿಮ್ ಟೇಪ್, ಒಂದು ಕಡೆ ಸರಿದಿದೆ, ಇಲ್ಲಾ ಅಗಲ ಸಾಲುತ್ತಿಲ್ಲ. ಗಾಳಿ ಬಿಗಿಯಾದಾಗ ಟ್ಯೂಬ್ ಆ ತೂತಿನೊಳಗೆ ಉಬ್ಬಿ, ಅಂಚಿಗೆ ಉಜ್ಜಿ ಸೀಳುತ್ತೆ. ಬಿಸಿಲಿಗೆ ಒತ್ತಡ ಏರುತ್ತೆ, ತೆಳು ಪ್ಲಾಸ್ಟಿಕ್ ಟೇಪಾದರೆ ಮೆತ್ತಗೂ ಆಗುತ್ತೆ, ಅದಕ್ಕೇ ನಿನಗೆ ಮಧ್ಯಾಹ್ನದ ಕಾಟ. ಭಾರವೆಲ್ಲ ಹಿಂದೆ, ಗಾಳಿಯೂ ಅಲ್ಲೇ ಜಾಸ್ತಿ. ಸೀಲೆಂಟ್ ಇದಕ್ಕೆ ಕೆಲಸ ಮಾಡಲ್ಲ. ಚಕ್ರ ತಿರುಗುವಾಗ ಅದು ಹೊರಗೆ, ಟೈರ್ ಕಡೆಗೆ ಹೋಗುತ್ತೆ. ತೂತು ಇರೋದು ಒಳಗೆ. ಈ ಸೈಕಲ್ ಹಿಂದಿನ ರಿಮ್ ಯಾವಾಗಲಾದರೂ ಬದಲಾಯಿಸಿದ್ದೀಯಾ?

ಕೊಪ್ಪಳ ಪೆಡಲ್:
ಹಾಂ, ಟೂರಿಗೆ ಹೊರಡೋಕೆ ಮುಂಚೆ ಡಬಲ್ ವಾಲ್ (ಎರಡು ಪದರದ) ರಿಮ್ ಹಾಕಿಸಿದೆ. ಟೇಪ್ ಹಳೇ ರಿಮ್‌ದೇ ಸಾಕು ಅಂತ ಅಂಗಡಿಯವರು ಅಂದರು. ಅದಕ್ಕೂ ಪಂಚರಿಗೂ ಸಂಬಂಧ ಇರುತ್ತಾ?

ತುಂಗಭದ್ರಾ ಟೂರರ್:
😂

ಸ್ಪೋಕ್ ಸೋದರಮಾವ:
ಇರುತ್ತಪ್ಪಾ. ಟೇಪ್ ಎಲ್ಲ ಸ್ಪೋಕ್ ತೂತುಗಳನ್ನೂ ಪೂರ್ತಿ ಮುಚ್ಚಬೇಕು, ಆದರೆ ಟೈರ್ ಕೂರುವ ಅಂಚಿನ ಮೇಲೆ ಹತ್ತಬಾರದು. ಸಂಡೂರಲ್ಲಿ ರಿಮ್ ಟೇಪ್ ಸಿಗದಿದ್ದರೆ ಮೆಡಿಕಲ್ ಶಾಪಿಗೆ ಹೋಗು. ಗಾಯಕ್ಕೆ ಹಾಕುವ ಬಟ್ಟೆ ಪ್ಲಾಸ್ಟರ್ ರೋಲ್ ಕೇಳು. ರಿಮ್ ಒರೆಸಿ ಒಣಗಿಸಿ, ಬಿಗಿಯಾಗಿ ಎಳೆಯುತ್ತಾ ಎರಡು ಸುತ್ತು ಸುತ್ತು, ವಾಲ್ವ್ ಜಾಗದಲ್ಲಿ ಸಣ್ಣ ತೂತು ಮಾಡು. ಕರೆಂಟ್ ವೈರಿಗೆ ಸುತ್ತುವ ಇನ್ಸುಲೇಷನ್ ಟೇಪ್ ಬೇಡವೇ ಬೇಡ. ನಮ್ಮ ಬಿಸಿಲಿಗೆ ಅಂಟು ಕರಗಿ ಜಾರುತ್ತೆ.

ರಾಯಚೂರು ಬಿಸಿಲು:
ಇನ್ಸುಲೇಷನ್ ಟೇಪ್ ಮೇಲೆ ನಾನು ವರ್ಷಗಟ್ಟಲೆ ಓಡಿಸಿದ್ದೇನೆ. ರಾಯಚೂರಿಗಿಂತ ಬಿಸಿಲು ಎಲ್ಲಿದೆ ತೋರಿಸಿ.

ಸ್ಪೋಕ್ ಸೋದರಮಾವ:
ನಲವತ್ತು ಪಿಎಸ್‌ಐ ಅಂಥ ಕಮ್ಮಿ ಗಾಳಿಯಲ್ಲಿ ಓಡಿಸಿದರೆ ಪೇಪರ್ ಸುತ್ತಿದರೂ ನಡೆಯುತ್ತೆ. ತಮ್ಮಾ, ಇನ್ನೊಂದು ಮಾತು. ಪ್ಯಾಚ್ ಹಾಕುವಾಗ ಚೆನ್ನಾಗಿ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದರ ಹಸಿ ಆರೋವರೆಗೂ ಕಾಯಿ. ಅವಸರ ಮಾಡಿದರೆ ಪ್ಯಾಚ್ ಬಿಟ್ಟುಕೊಳ್ಳುತ್ತೆ. ಟೈರ್ ಮೇಲಿನ ಹೆಸರನ್ನು ಯಾವಾಗಲೂ ವಾಲ್ವ್ ಎದುರಿಗೆ ಬರುವಂತೆ ಕೂರಿಸು. ಟ್ಯೂಬಲ್ಲಿ ತೂತು ಎಲ್ಲಿದೆ ಅಂತ ಗೊತ್ತಾದರೆ ಟೈರಲ್ಲಿ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತೆ. ಕತ್ತಲಾದ ಮೇಲೆ ಗುಡ್ಡದ ದಾರಿಯಲ್ಲಿ ಈ ಕೆಲಸಕ್ಕೆ ಕೂರಬೇಡ. ಆ ಕಡೆ ಕರಡಿ ಇವೆ, ದರೋಜಿ ಕರಡಿಧಾಮ ಅಲ್ಲೇನೂ ದೂರ ಇಲ್ಲ.

ಕೊಪ್ಪಳ ಪೆಡಲ್:
ಪ್ಲಾಸ್ಟರ್ ಸಿಕ್ಕಿತು. ಟೇಪ್ ಬಿಚ್ಚಿದರೆ ಅರ್ಧ ತೂತುಗಳು ಬಾಯಿ ತೆರೆದು ಕೂತಿದ್ದವು. ಸುತ್ತಿದ್ದೇನೆ, ಬೆಳಿಗ್ಗೆ ಕೂಡ್ಲಿಗಿ ಕಡೆ ಹೊರಡುತ್ತೇನೆ. ಅಂಕಸಮುದ್ರದಲ್ಲಿ ಹಕ್ಕಿ ಇವೆಯಾ ಈಗ?

ತುಂಗಭದ್ರಾ ಟೂರರ್:
ಕೆರೆಯೊಳಗಿನ ಕರಿಜಾಲಿ ಮರಗಳನ್ನು ನೋಡಿ, ಗೂಡು ಅಲ್ಲೇ. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಮೇಲೆ ನೋಡೋಕೆ ಬರೋರು ಜಾಸ್ತಿ. ಬೆಳಿಗ್ಗೆ ಬೇಗ ಹೋಗಿ.

ಸಿರುಗುಪ್ಪ ಸವಾರಿ:
ಕರಿಜಾಲಿ ಅಂದ್ರಲ್ಲ, ಅಲ್ಲೂ ಮುಳ್ಳಿದೆ. ಸೀಲೆಂಟ್ ಹಾಕಿಕೊಂಡೇ ಹೋಗಿ.

ಹೊಸಬ ಹೊಸಪೇಟೆ:
ನನಗೂ ಇದೇ ಪ್ರಾಬ್ಲಂ. ಸಂಡೂರಿಗೆ ಹೋಗಿ ಬಂದಾಗಿಂದ ಚೈನ್ ಕರಕರ ಅನ್ನುತ್ತೆ, ಗೇರ್ ಹಾರುತ್ತೆ. ಅದಿರಿನ ಕೆಂಪು ಧೂಳು ಕಾರಣವಾ?

ಸ್ಪೋಕ್ ಸೋದರಮಾವ:
ಇದೇ ಪ್ರಾಬ್ಲಂ ಹೇಗಾಗುತ್ತಪ್ಪಾ? ಬೇರೆ ಚರ್ಚೆ ಶುರುಮಾಡು. ಯಾವ ಎಣ್ಣೆ ಹಾಕಿದ್ದೀಯಾ, ಚೈನ್ ಎಷ್ಟು ಹಳೆಯದು, ಅದನ್ನೂ ಬರಿ.

ರಾಯಚೂರು ಬಿಸಿಲು:
ಚೈನ್ ಕೈಕೊಡೋದು ಹೊಸಪೇಟೆ ಕಡೆ ಹೊಸದೇನಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನೇ ಕಡಿದಿತ್ತು. ನಾನು ಚೈನಿಗೆ ಎಣ್ಣೆ ಬದಲು ವ್ಯಾಕ್ಸ್ (ಮೇಣ) ಹಾಕುತ್ತೇನೆ, ಧೂಳು ಹತ್ತಿರವೂ ಸುಳಿಯಲ್ಲ. ಫೋಟೋ ಹಾಕಲಾ?